ಹಡಗಿಗಿಂತ ಮೊದಲು ಬಂದಿಳಿದ ಕಾಗದ

ಹಳದಿ ವ್ಯಾನಿನ ಮೇಲೆ ಕೆಂಪಕ್ಷರದಲ್ಲಿ ಡಿಎಚ್‌ಎಲ್ ಎಂದು ಬರೆದಿರುವುದನ್ನು ನೀವೆಲ್ಲ ನೋಡಿರುತ್ತೀರಿ. ಮಗನೋ ಮಗಳೋ ಅಮೆರಿಕದಲ್ಲಿದ್ದರೆ ಹಪ್ಪಳ, ಚಟ್ನಿಪುಡಿ ಕಳಿಸಲು ಅವರ ಕೌಂಟರಿನ ಮುಂದೆ ನಿಂತು, ಕಿಲೋ ರೇಟು ಕೇಳಿ ಒಮ್ಮೆ ಹೌಹಾರಿಯೂ ಇರುತ್ತೀರಿ. ಆದರೆ ಆ ಮೂರು ಅಕ್ಷರಗಳು ಏನು ಎಂದು ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಮಾಲೀಕರು ಜರ್ಮನಿಯವರಲ್ಲವೇ, ಯಾವುದೋ ಜರ್ಮನ್ ಶಬ್ದವಿರಬೇಕು ಎನ್ನುವವರೇ ಜಾಸ್ತಿ. ಅಲ್ಲ ಸ್ವಾಮಿ, ಅವು ಮೂವರು ಅಮೆರಿಕನ್ನರ ಅಡ್ಡಹೆಸರುಗಳು. ಏಡ್ರಿಯನ್ ಡಾಲ್ಸಿ, ಲ್ಯಾರಿ ಹಿಲ್‌ಬ್ಲಾಮ್, ರಾಬರ್ಟ್ ಲಿನ್. ಈ ಮೂವರು 1969ರಲ್ಲಿ ಕಟ್ಟಿದ ಪುಟ್ಟ ಕಂಪನಿ ಹೇಗೆ ಬೆಳೆಯಿತು, ಯಾರ ಕೈಸೇರಿತು, ಹುಟ್ಟಿದ ದೇಶದಲ್ಲೇ ಹೇಗೆ ಸೋತು ಗಂಟುಮೂಟೆ ಕಟ್ಟಿತು, ಆಮೇಲೆ ಹೇಗೆ ಎದ್ದು ನಿಂತಿತು ಎನ್ನುವುದು ಒಳ್ಳೆ ಕಥೆ.

ಬ್ಯಾಂಕಿನವನಿಗೆ ಕೊರಿಯರ್ ಕಂಪನಿಯ ಉಸಾಬರಿ ಏಕೆ ಎಂದು ಕೇಳಬೇಡಿ. ಈ ಕಂಪನಿ ಹುಟ್ಟಿದ್ದೇ ನಮ್ಮ ಮೇಜಿನ ಮೇಲಿನ ಒಂದು ಕಾಗದದಿಂದ!

ಆ ಕಾಗದ ಯಾವುದು?

ಅದರ ಹೆಸರು ಬಿಲ್ ಆಫ್ ಲೇಡಿಂಗ್. ಹಿಂದೆ ನಮ್ಮೂರಿಗೆ ರೈಲಿನಲ್ಲಿ ಸಾಮಾನು ಬಂದರೆ ಆರ್.ಆರ್. ತೋರಿಸಿ ಬಿಡಿಸಿಕೊಳ್ಳುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ರೀತಿ, ಹಡಗಿನ ಸಾಮಾನಿಗೆ ಇದು. ಒಂದು ವ್ಯತ್ಯಾಸವಿದೆ. ಇದು ಬರೀ ರಸೀದಿಯಲ್ಲ, ಮಾಲಿನ ಮೇಲಿನ ಹಕ್ಕಿನ ಪತ್ರವೂ ಹೌದು. ಮೂಲ ಪ್ರತಿ ಯಾರ ಕೈಯಲ್ಲಿದೆಯೋ, ಯಾರ ಹೆಸರಿಗೆ ಬರೆದುಕೊಟ್ಟಿದೆಯೋ, ಹಡಗಿನವನು ಮಾಲು ಕೊಡುವುದು ಅವನಿಗೆ. ಲೆಟರ್ ಆಫ್ ಕ್ರೆಡಿಟ್ ವ್ಯವಹಾರ ನಿಂತಿರುವುದೇ ಈ ನಂಬಿಕೆಯ ಮೇಲೆ. ರಫ್ತುದಾರ ಮಾಲು ಹಡಗಿಗೆ ಏರಿಸಿ, ಬಿಲ್ ಆಫ್ ಲೇಡಿಂಗ್, ಇನ್‌ವಾಯ್ಸ್, ಇನ್ಶೂರೆನ್ಸ್ ಪತ್ರ ಎಲ್ಲ ಜೋಡಿಸಿ ತನ್ನ ಬ್ಯಾಂಕಿಗೆ ಕೊಡುತ್ತಾನೆ. ಆ ಬ್ಯಾಂಕು ಆಮದುದಾರನ ಬ್ಯಾಂಕಿಗೆ ಕಳಿಸುತ್ತದೆ. ದುಡ್ಡು ಕಟ್ಟಿದ ಮೇಲೆ ಕಾಗದ, ಕಾಗದ ತೋರಿಸಿದ ಮೇಲೆ ಮಾಲು.

ಮೂಲ ಪ್ರತಿಗಳು ಸಾಮಾನ್ಯವಾಗಿ ಮೂರು ಇರುತ್ತವೆ. ದಾರಿಯಲ್ಲಿ ಒಂದು ಕಳೆದುಹೋದರೂ ಇನ್ನೊಂದು ಮುಟ್ಟಲಿ ಎಂದು ಹಿಂದಿನವರು ಎರಡು ಟಪಾಲಿನಲ್ಲಿ ಬೇರೆ ಬೇರೆ ಕಳಿಸುತ್ತಿದ್ದರು. ಕಳೆದುಹೋಗುವ ಭಯ ಎಷ್ಟು ಹಳೆಯದು ಎಂದರೆ, ನಾವೆಲ್ಲ ಬಾಯಿಪಾಠ ಮಾಡಿದ ಯುಸಿಪಿ 600ರ 35ನೇ ಕಲಮೇ ಇದಕ್ಕಾಗಿ ಇದೆ. ಎಲ್.ಸಿ. ಪ್ರಕಾರ ಹಣ ಕೊಡಲು ನೇಮಿಸಿದ ಬ್ಯಾಂಕು, ಕಾಗದ ಸರಿಯಿದೆ ಎಂದು ನೋಡಿ ಕಳಿಸಿದ ಮೇಲೆ, ಅದು ದಾರಿಯಲ್ಲೇ ಕಾಣೆಯಾದರೂ ಎಲ್.ಸಿ. ತೆರೆದ ಬ್ಯಾಂಕು ದುಡ್ಡು ಕೊಡಲೇಬೇಕು.

ತೊಂಬತ್ತರ ದಶಕದಲ್ಲಿ ನಾನು ಮುಂಬಯಿಯ ಕೋಟೆ ಪ್ರದೇಶದ ಒಂದು ಶಾಖೆಯ ಫಾರೆಕ್ಸ್ ವಿಭಾಗದಲ್ಲಿ ಕೂತಿದ್ದಾಗ ಸಂಜೆ ನಾಲ್ಕೂವರೆಗೆ ಕೊರಿಯರ್ ಹುಡುಗ ಬರುತ್ತಿದ್ದ. ಅವನು ಬರುವುದರೊಳಗೆ ಲಕೋಟೆ ಮುಚ್ಚಬೇಕು. ಅವನ ಪುಸ್ತಕದಲ್ಲಿ ಸಹಿಯಾದ ಮೇಲೆಯೇ ನಮಗೆ ಚಹಾ ರುಚಿಸುತ್ತಿದ್ದುದು.

ಈಗ ಸಮಸ್ಯೆಗೆ ಬರೋಣ. ಹಡಗು ನಿಧಾನವಾಗಿದ್ದ ಕಾಲದಲ್ಲಿ ಟಪಾಲು ಹೇಗೂ ಮೊದಲು ಮುಟ್ಟುತ್ತಿತ್ತು. ಆದರೆ 1958ರಲ್ಲಿ ಮ್ಯಾಟ್ಸನ್ ಕಂಪನಿ ಕ್ಯಾಲಿಫೋರ್ನಿಯಾದಿಂದ ಹೊನೊಲುಲುಗೆ ಕಂಟೇನರ್ ಸಾಗಣೆ ಶುರುಮಾಡಿತು. ಹಿಂದೆ ದಿನಗಟ್ಟಲೆ ಹಿಡಿಯುತ್ತಿದ್ದ ಲೋಡಿಂಗ್, ಅನ್‌ಲೋಡಿಂಗ್ ಗಂಟೆಗಳ ಲೆಕ್ಕಕ್ಕೆ ಇಳಿಯಿತು. ಹಡಗು ಬಂದು ನಿಂತಿದೆ, ಮಾಲು ಇಳಿದಿದೆ, ಕಾಗದ ಮಾತ್ರ ಇನ್ನೂ ಅಂಚೆಯ ಚೀಲದಲ್ಲೇ ಇದೆ! ಬಂದರಿನಲ್ಲಿ ಮಾಲು ಬಿದ್ದಷ್ಟು ದಿನ ಡೆಮರೇಜ್. ಅವಸರವಿದ್ದವರು ಬ್ಯಾಂಕಿನಿಂದ ಶಿಪ್ಪಿಂಗ್ ಗ್ಯಾರಂಟಿ ಬರೆಸಿಕೊಂಡು ಮಾಲು ಬಿಡಿಸಬೇಕು, ಅದಕ್ಕೊಂದು ಕಮಿಷನ್, ಮಾರ್ಜಿನ್. ಈ ಕೆಲವು ದಿನಗಳ ಅಂತರದಲ್ಲಿ ದುಡ್ಡಿದೆ ಎಂದು ಕಂಡುಕೊಂಡವರೇ ನಮ್ಮ ಮೂವರು.

ಸೂಟ್‌ಕೇಸಿನ ಕಂಪನಿ

ಲ್ಯಾರಿ ಹಿಲ್‌ಬ್ಲಾಮ್ ಕ್ಯಾಲಿಫೋರ್ನಿಯಾದ ಕಿಂಗ್ಸ್‌ಬರ್ಗ್ ಎನ್ನುವ ಹಣ್ಣಿನ ತೋಟಗಳ ಸಣ್ಣ ಊರಿನವನು. ಬರ್ಕ್ಲಿಯಲ್ಲಿ ಕಾನೂನು ಓದುವಾಗ ಖರ್ಚಿಗಾಗಿ ಒಂದು ಕೊರಿಯರ್ ಸಂಸ್ಥೆಗೆ ದುಡಿಯುತ್ತಿದ್ದ. ಅಲ್ಲಿ ಕಲಿತದ್ದನ್ನೇ ಮುಂದೆ ವ್ಯಾಪಾರ ಮಾಡಿದ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಹಡಗು ಕಂಪನಿಗಳ ಕಾಗದಗಳನ್ನು ಸಂಗ್ರಹಿಸುವುದು, ಚೀಲದಲ್ಲಿ ತುಂಬುವುದು, ಸಾಮಾನ್ಯ ಪ್ರಯಾಣಿಕನಾಗಿ ವಿಮಾನ ಹತ್ತುವುದು, ಹೊನೊಲುಲುವಿನಲ್ಲಿ ಇಳಿದು ಆಫೀಸಿಗೆ ಮುಟ್ಟಿಸುವುದು. ಚೀಲ ಪ್ರಯಾಣಿಕನ ಲಗೇಜು, ಆದ್ದರಿಂದ ಕಾರ್ಗೋ ಎಂದು ಬೇರೆ ಕಾಯುವಂತಿಲ್ಲ. ಹಡಗು ಬರುವುದರೊಳಗೆ ಬಂದರಿನ ಕಾಗದದ ಕೆಲಸ ಮುಗಿದಿರುತ್ತಿತ್ತು. ಸ್ವಂತ ವಿಮಾನವಿಲ್ಲ, ಗೋದಾಮಿಲ್ಲ. ಬಂಡವಾಳ ಎಂದರೆ ಟಿಕೆಟಿನ ದುಡ್ಡು ಮತ್ತು ಕಾಲು.

ಮುಂಬಯಿಯವರಿಗೆ ಇದು ಹೊಸದೇನಲ್ಲ. ಝವೇರಿ ಬಜಾರಿನ ಅಂಗಡಿಯಾಗಳು ವಜ್ರ, ನಗದು, ಚೀಟಿಗಳನ್ನು ಮೈಗೆ ಅಂಟಿಸಿಕೊಂಡು ರಾತ್ರಿ ರೈಲಿನಲ್ಲಿ ಸೂರತ್ತಿಗೆ ಹೋಗಿಬರುವುದು ತಲೆಮಾರುಗಳಿಂದ ನಡೆದಿದೆ. ಅಂಗಡಿಯಾ ಮಾಡಿದ್ದನ್ನೇ ಹಿಲ್‌ಬ್ಲಾಮ್ ವಿಮಾನದಲ್ಲಿ ಮಾಡಿದ. ಪುಕ್ಕಟೆ ಟಿಕೆಟ್ ಸಿಗುತ್ತದೆಂದು ಬ್ಯಾಗು ಒಯ್ಯಲು ಒಪ್ಪುವ ಹುಡುಗರು ಬೇಕಾದಷ್ಟು ಸಿಕ್ಕರು.

ಬಲುಬೇಗ ಬ್ಯಾಂಕುಗಳೂ ಗಿರಾಕಿಗಳಾದವು. ಕಾರಣ ಸರಳ. ಒಂದು ದೊಡ್ಡ ಚೆಕ್ಕು ದಾರಿಯಲ್ಲಿ ಕಳೆಯುವ ಪ್ರತಿ ದಿನಕ್ಕೂ ಬಡ್ಡಿ ನಷ್ಟ. ನಾಲ್ಕು ದಿನ ಉಳಿದರೆ ಕೊರಿಯರ್ ಚಾರ್ಜು ಕಡಲೆಕಾಯಿ.

ಸರ್ಕಾರ ಸುಮ್ಮನಿರುತ್ತದೆಯೇ? ಅಮೆರಿಕದಲ್ಲೂ ಪತ್ರ ಸಾಗಿಸುವುದು ಅಂಚೆ ಇಲಾಖೆಯ ಏಕಸ್ವಾಮ್ಯವಾಗಿತ್ತು. ವಿಮಾನ ಸಾಗಣೆಗೆ ಬೇರೆ ಮಂಡಳಿಯ ಪರವಾನಗಿ. ಅಂಚೆಯವರೂ ಪ್ರತಿಸ್ಪರ್ಧಿಗಳೂ ತಕರಾರು ತೆಗೆದರು. ಕಾನೂನು ಓದಿದ ಹಿಲ್‌ಬ್ಲಾಮನಿಗೆ ಇದು ಹಬ್ಬ. ಕೊನೆಗೆ 1979ರಲ್ಲಿ ಅತಿ ತುರ್ತಿನ ಪತ್ರಗಳ ಮಟ್ಟಿಗೆ ಅಂಚೆ ಏಕಸ್ವಾಮ್ಯವನ್ನು ಅಲ್ಲಿ ಸಡಿಲಿಸಿದರು. ನಮ್ಮಲ್ಲಿ? 1898ರ ಅಂಚೆ ಕಾಯಿದೆ ಪತ್ರಗಳ ಹಕ್ಕನ್ನು ಸರ್ಕಾರಕ್ಕೇ ಕೊಟ್ಟಿತ್ತು. ಆದ್ದರಿಂದ ನಮ್ಮ ಕೊರಿಯರ್‌ನವರು ತಾವು ಒಯ್ಯುವುದು ಪತ್ರವಲ್ಲ, ‘ಡಾಕ್ಯುಮೆಂಟ್’ ಎಂದು ಹೇಳಿಕೊಂಡೇ ದಶಕಗಳನ್ನು ಕಳೆದರು. ಆ ಏಕಸ್ವಾಮ್ಯ ಕಾಯಿದೆಯ ಪುಸ್ತಕದಿಂದ ಹೋದದ್ದು 2023ರ ಹೊಸ ಅಂಚೆ ಕಾಯಿದೆ ಬಂದ ಮೇಲೆ. ಕೊರಿಯರ್ ಅಂಗಡಿ ಗಲ್ಲಿಗೊಂದು ಆದಮೇಲೆ ಕಾಯಿದೆಗೆ ಎಚ್ಚರವಾಯಿತು, ಇರಲಿ.

ಒಂದೇ ಹೆಸರು, ಎರಡು ಮನೆ

ಎಪ್ಪತ್ತರ ದಶಕದಲ್ಲಿ ಡಿಎಚ್‌ಎಲ್ ಪೂರ್ವಕ್ಕೆ ನುಗ್ಗಿತು. 1971ರಲ್ಲಿ ಫಿಲಿಪೀನ್ಸ್, ಮರುವರ್ಷ ಜಪಾನ್, ಹಾಂಗ್‌ಕಾಂಗ್, ಸಿಂಗಪುರ, ಆಸ್ಟ್ರೇಲಿಯಾ. ಹಾಂಗ್‌ಕಾಂಗಿನಲ್ಲಿ ಪೋ ಚುಂಗ್ ಎನ್ನುವವರು ಜೊತೆಗೂಡಿ ಡಿಎಚ್‌ಎಲ್ ಇಂಟರ್‌ನ್ಯಾಷನಲ್ ಕಟ್ಟಿದರು. 1974ಕ್ಕೆ ಲಂಡನ್. 1986ರಲ್ಲಿ ಸಿನೋಟ್ರಾನ್ಸ್ ಎಂಬ ಸರ್ಕಾರಿ ಸಂಸ್ಥೆಯೊಡನೆ ಪಾಲುದಾರಿಕೆ ಮಾಡಿಕೊಂಡು ಚೀನಾ. ಪ್ರತಿ ದೇಶದಲ್ಲೂ ಕಾನೂನು, ಕಸ್ಟಮ್ಸ್ ಗೊತ್ತಿದ್ದ ಸ್ಥಳೀಯನೊಬ್ಬನನ್ನು ಹಿಡಿಯುವುದು, ಅವನಿಗೆ ಸ್ವಾತಂತ್ರ್ಯ ಕೊಡುವುದು ಅವರ ಪದ್ಧತಿ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಶಾಖೆಗಳಿಗಿಂತ ಕರೆಸ್ಪಾಂಡೆಂಟ್‌ಗಳೇ ಜಾಸ್ತಿ.

ಆದರೆ ಮನೆ ಒಂದಾಗಿರಲಿಲ್ಲ. ಅಮೆರಿಕದೊಳಗಿನ ಕೆಲಸಕ್ಕೆ ಡಿಎಚ್‌ಎಲ್ ಏರ್‌ವೇಸ್, ಹೊರದೇಶಗಳಿಗೆ ಡಿಎಚ್‌ಎಲ್ ಇಂಟರ್‌ನ್ಯಾಷನಲ್. ಲೆಕ್ಕಪುಸ್ತಕ ಬೇರೆ, ಆಡಳಿತ ಬೇರೆ. ಹೊರಗಿನ ಮನೆ ಬೆಳೆಯಿತು. ಒಳಗಿನ ಮನೆ ಸಣ್ಣದಾಗಿಯೇ ಉಳಿಯಿತು. ಏಕೆಂದರೆ ಅಮೆರಿಕದೊಳಗೆ ಅಷ್ಟರಲ್ಲಿ ಇಬ್ಬರು ದೈತ್ಯರಿದ್ದರು.

ಒಬ್ಬನು ಯುಪಿಎಸ್. 1907ರಲ್ಲಿ ಸಿಯಾಟಲ್‌ನಲ್ಲಿ ಹುಡುಗರು ಕಾಲ್ನಡಿಗೆಯಲ್ಲಿ, ಸೈಕಲ್ಲಿನಲ್ಲಿ ಚೀಟಿ ಮುಟ್ಟಿಸುವ ಕೆಲಸವಾಗಿ ಶುರುವಾದದ್ದು, ಕಂದು ಬಣ್ಣದ ಟ್ರಕ್ಕುಗಳಿಂದ ಇಡೀ ದೇಶವನ್ನು ಹೊಲಿದಿತ್ತು. ಇನ್ನೊಬ್ಬನು ಫೆಡರಲ್ ಎಕ್ಸ್‌ಪ್ರೆಸ್, ಈಗಿನ ಫೆಡೆಕ್ಸ್. ಫ್ರೆಡ್ ಸ್ಮಿತ್ 1973ರ ಏಪ್ರಿಲ್‌ನಲ್ಲಿ ಮೆಂಫಿಸ್‌ನಿಂದ 14 ಸಣ್ಣ ವಿಮಾನಗಳಲ್ಲಿ ಮೊದಲ ರಾತ್ರಿ ಸಾಗಿಸಿದ್ದು 186 ಪೊಟ್ಟಣಗಳು. ಎಲ್ಲ ಊರಿನ ವಿಮಾನಗಳೂ ರಾತ್ರಿ ಮೆಂಫಿಸ್‌ಗೆ ಬರಬೇಕು, ಅಲ್ಲಿ ವಿಂಗಡಣೆ, ಬೆಳಗಾಗುವುದರೊಳಗೆ ಹಿಂತಿರುಗಬೇಕು. ನಮ್ಮ ಕ್ಲಿಯರಿಂಗ್ ಹೌಸ್‌ನಲ್ಲಿ ಎಲ್ಲ ಬ್ಯಾಂಕಿನವರೂ ಚೆಕ್ಕು ತಂದು ಒಂದೇ ಸೂರಿನಡಿ ಬದಲಾಯಿಸಿಕೊಳ್ಳುತ್ತಿದ್ದರಲ್ಲ, ಅದೇ ತತ್ವ.

ಇಲ್ಲಿ ಒಂದು ಲೆಕ್ಕ ಹೇಳಬೇಕು. ಮುಂದಿನ ಕಥೆಗೆಲ್ಲ ಅದೇ ಕೀಲಿಕೈ. ನಮ್ಮ ಬಿಲ್ಡಿಂಗಿಗೆ ಬೆಳಿಗ್ಗೆ ಪೇಪರ್ ಹಾಕುವ ಹುಡುಗನನ್ನು ನೋಡಿ. ಒಂದೇ ಬಿಲ್ಡಿಂಗಿನಲ್ಲಿ ನಲವತ್ತು ಮನೆ ಇದ್ದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು, ನಾಲ್ಕು ಕಾಸು ಉಳಿಯಿತು. ನಲವತ್ತು ಬಿಲ್ಡಿಂಗಿನಲ್ಲಿ ಒಂದೊಂದು ಮನೆ ಇದ್ದರೆ? ಕಾಲು ಸವೆಯುತ್ತದೆ, ಕಾಸು ಉಳಿಯುವುದಿಲ್ಲ. ಪಾರ್ಸೆಲ್ ವ್ಯಾಪಾರವೂ ಹೀಗೆಯೇ. ಒಂದು ಬೀದಿಯಲ್ಲಿ ಯಾರ ಹತ್ತಿರ ಹೆಚ್ಚು ಪೊಟ್ಟಣಗಳಿವೆಯೋ ಅವನ ಖರ್ಚು ಕಡಿಮೆ. ಖರ್ಚು ಕಡಿಮೆ ಇದ್ದವನು ರೇಟು ಇಳಿಸಿ ಇನ್ನಷ್ಟು ಗಿರಾಕಿ ಹಿಡಿಯುತ್ತಾನೆ. ಹೊಸಬ ಬಂದರೆ ಎರಡನೇ ದಿನದಿಂದಲೇ ಏದುಸಿರು.

ಈ ಲೆಕ್ಕ ಫೆಡೆಕ್ಸಿಗೂ ತಟ್ಟಿದೆ. ಅವರು ಎಂಬತ್ತರ ದಶಕದಲ್ಲಿ ಯುರೋಪಿಗೆ ಹೋಗಿ, ಅಲ್ಲಿಯ ಊರೂರಿಗೆ ಪಾರ್ಸೆಲ್ ಹಂಚುವ ಸಣ್ಣಪುಟ್ಟ ಕಂಪನಿಗಳನ್ನು ಕೊಂಡು, ನಷ್ಟ ತಡೆಯಲಾರದೆ 1992ರಲ್ಲಿ ಆ ಒಳನಾಡು ವ್ಯವಹಾರವನ್ನು ಮುಚ್ಚಿ ಹೊರಬಂದರು. ಸಾವಿರಾರು ಜನ ಕೆಲಸ ಕಳೆದುಕೊಂಡರು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಅಂಚೆಯಣ್ಣ ಪೇಟೆಗೆ ಹೊರಟ

ತೊಂಬತ್ತರ ಆರಂಭದಲ್ಲಿ ಲುಫ್ತಾನ್ಸಾ, ಜಪಾನ್ ಏರ್‌ಲೈನ್ಸ್, ನಿಶೋ ಇವಾಯ್ ಎಂಬ ಜಪಾನಿ ವ್ಯಾಪಾರ ಸಂಸ್ಥೆ ಡಿಎಚ್‌ಎಲ್ ಇಂಟರ್‌ನ್ಯಾಷನಲ್‌ನಲ್ಲಿ ಪಾಲು ಕೊಂಡವು. ಹಿಲ್‌ಬ್ಲಾಮ್ ಆ ಹೊತ್ತಿಗೆ ಪೆಸಿಫಿಕ್ ಸಾಗರದ ಸೈಪಾನ್ ದ್ವೀಪದಲ್ಲಿ ನೆಲೆಸಿದ್ದ. 1995ರ ಮೇ ತಿಂಗಳಲ್ಲಿ ಅವನ ಸಣ್ಣ ವಿಮಾನ ಸಮುದ್ರಕ್ಕೆ ಬಿತ್ತು. ಶವ ಸಿಗಲೇ ಇಲ್ಲ. ಉಯಿಲಿನಲ್ಲಿ ಮಕ್ಕಳ ಮಾತಿರಲಿಲ್ಲ. ಆದರೆ ಬೇರೆ ಬೇರೆ ದೇಶಗಳಿಂದ ಮಕ್ಕಳು ಪಾಲು ಕೇಳಿ ಬಂದರು, ಡಿಎನ್‌ಎ ಪರೀಕ್ಷೆ, ಕೋರ್ಟು ಎಲ್ಲ ನಡೆದು ನಾಲ್ವರಿಗೆ ಹಕ್ಕು ಸಿಕ್ಕಿತು. ಕೋಟ್ಯಂತರ ಕಾಗದಗಳನ್ನು ವಿಳಾಸಕ್ಕೆ ಮುಟ್ಟಿಸಿದವನ ಸ್ವಂತ ಕಾಗದವೇ ಅರೆಬರೆಯಾಗಿತ್ತು. ನಾಮಿನೇಷನ್ ಮಾಡಿಸಿ ಎಂದು ನಾವು ಕೌಂಟರಿನಲ್ಲಿ ಗೋಗರೆಯುವುದು ಸುಮ್ಮನೆ ಅಲ್ಲ ಮಾರಾಯ್ರೆ!

ಈಗ ಜರ್ಮನಿಗೆ ಬನ್ನಿ. ಅಲ್ಲಿಯ ಅಂಚೆ ನಮ್ಮದರಂತೆಯೇ ಸರ್ಕಾರಿ ಇಲಾಖೆ. ಅಂಚೆ, ಟೆಲಿಫೋನು, ಉಳಿತಾಯ ಬ್ಯಾಂಕು ಎಲ್ಲ ಒಂದೇ ಗೂಡಿನಲ್ಲಿ. 1989ರಲ್ಲಿ ಅದನ್ನು ಮೂರು ಮಾಡಿದರು. ಮರುವರ್ಷ ಪೂರ್ವ, ಪಶ್ಚಿಮ ಜರ್ಮನಿಗಳು ಒಂದಾದವು, ಎರಡು ಅಂಚೆಗಳನ್ನು ಹೊಲಿಯುವ ಕೆಲಸ ಬಂತು. 1990ರಲ್ಲಿ ಮುಖ್ಯಸ್ಥರಾಗಿ ಬಂದ ಕ್ಲಾಸ್ ಝುಮ್‌ವಿಂಕೆಲ್ ಅಂಚೆಯವರಲ್ಲ. ಮೆಕಿನ್ಸಿ ಸಲಹಾ ಸಂಸ್ಥೆಯಲ್ಲಿದ್ದು, ಆಮೇಲೆ ಕ್ವೆಲೆ ಎಂಬ ಟಪಾಲು ಮಾರಾಟದ ಅಂಗಡಿ ನಡೆಸಿದವರು. ಅವರ ಕಾಲದಲ್ಲಿ 1993ರಲ್ಲಿ ಇಡೀ ದೇಶಕ್ಕೆ ಐದಂಕಿಯ ಹೊಸ ಪಿನ್‌ಕೋಡ್ ಬಂತು, ದೇಶಾದ್ಯಂತ 33 ಪಾರ್ಸೆಲ್ ಕೇಂದ್ರಗಳು ಎದ್ದವು, 1995ರಲ್ಲಿ ಇಲಾಖೆ ಕಂಪನಿಯಾಯಿತು, 2000ದ ನವೆಂಬರಿನಲ್ಲಿ ಷೇರುಪೇಟೆಗೂ ಬಂತು.

ಝುಮ್‌ವಿಂಕೆಲ್ ಕಂಡದ್ದು ಇಷ್ಟು. ಪತ್ರಗಳ ಏಕಸ್ವಾಮ್ಯ ಇಂದಲ್ಲ ನಾಳೆ ಹೋಗುತ್ತದೆ, ಪತ್ರಗಳೇ ಕಡಿಮೆಯಾಗುತ್ತವೆ. ಅಷ್ಟರಲ್ಲಿ ಬೇರೆ ದುಡಿಮೆ ಹುಡುಕಬೇಕು. ಹುಡುಕಿದ್ದು ಎಲ್ಲಿ? ಚೆಕ್ ಪುಸ್ತಕದಲ್ಲಿ. 1815ರಷ್ಟು ಹಳೆಯ ಸ್ವಿಸ್ ಸಾಗಣೆ ಸಂಸ್ಥೆ ಡಾಂಜಾಸ್, ಅಮೆರಿಕದ ಏರ್ ಎಕ್ಸ್‌ಪ್ರೆಸ್ ಇಂಟರ್‌ನ್ಯಾಷನಲ್, ಹೀಗೆ ಒಂದರ ಮೇಲೊಂದು ಖರೀದಿ. ಡಿಎಚ್‌ಎಲ್‌ನಲ್ಲಿ 1998ರಲ್ಲಿ ಸ್ವಲ್ಪ ಪಾಲು, 2002ರ ಜನವರಿಗೆ ಬಹುಮತ, ಅದೇ ವರ್ಷದ ಕೊನೆಗೆ ಪೂರ್ತಿ. ಮುಂದೆ 2005ರಲ್ಲಿ ಬ್ರಿಟನ್ನಿನ ಎಕ್ಸೆಲ್. ಆ ಹೊತ್ತಿಗೆ ನೌಕರರ ಸಂಖ್ಯೆ ಸುಮಾರು ಐದು ಲಕ್ಷ.

ಅಂಚೆಯ ಪುಕ್ಕಟೆ ಲಾಭದ ದುಡ್ಡಿನಲ್ಲಿ ಪಾರ್ಸೆಲ್ ರೇಟು ಇಳಿಸುತ್ತಿದ್ದಾರೆ ಎಂದು ಯುಪಿಎಸ್ 1994ರಲ್ಲೇ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟಿತ್ತು. 2001ರಲ್ಲಿ ಕಮಿಷನ್ 2.4 ಕೋಟಿ ಯೂರೋ ದಂಡ ಹಾಕಿ, ಪಾರ್ಸೆಲ್ ವ್ಯವಹಾರವನ್ನು ಬೇರೆ ಕಂಪನಿಯಾಗಿ ಇಡಬೇಕೆಂಬ ಕಟ್ಟಳೆಗೂ ಒಪ್ಪಿಸಿತು. 2003ರಲ್ಲಿ ಎಲ್ಲ ಬೋರ್ಡುಗಳನ್ನೂ ಡಿಎಚ್‌ಎಲ್ ಎಂದು ಬದಲಿಸಿದರು. ಹಳದಿ ಬಣ್ಣ ಬಂದದ್ದು ಆಗ. ಅದು ಜರ್ಮನ್ ಅಂಚೆಯ ಬಣ್ಣ. ಅಂದರೆ ಇಂದು ನೀವು ಅಂಧೇರಿಯಲ್ಲಿ ನೋಡುವ ವ್ಯಾನಿನಲ್ಲಿ ಹೆಸರು ಅಮೆರಿಕದ್ದು, ಬಣ್ಣ ಜರ್ಮನಿಯದ್ದು.

ಹುಟ್ಟಿದೂರಿನ ಸೋಲು

ಅಂಚೆಯಣ್ಣನಿಗೆ ಒಂದು ಕೊರಗಿತ್ತು. ಪ್ರಪಂಚದ ಎಲ್ಲ ಕಡೆ ನಾವು, ಅಮೆರಿಕದಲ್ಲಿ ಮಾತ್ರ ಮೂಲೆಯಲ್ಲಿ. ಇದಕ್ಕೆ ಮದ್ದೆಂದು 2003ರ ಆಗಸ್ಟ್‌ನಲ್ಲಿ ಅಲ್ಲಿಯ ಮೂರನೆಯ ದೊಡ್ಡ ಕಂಪನಿ ಏರ್‌ಬೋರ್ನ್ ಅನ್ನು 105 ಕೋಟಿ ಡಾಲರಿಗೆ ಕೊಂಡರು.

ಕಾನೂನಿನ ತೊಡಕು ಅಲ್ಲಿಂದಲೇ ಶುರು. ಅಮೆರಿಕದ ವಿಮಾನ ಕಂಪನಿಯಲ್ಲಿ ವಿದೇಶಿಯರಿಗೆ ಮತದ ಹಕ್ಕು ಶೇಕಡಾ 25ಕ್ಕಿಂತ ಹೆಚ್ಚಿರುವಂತಿಲ್ಲ. ಆದ್ದರಿಂದ ಏರ್‌ಬೋರ್ನ್‌ನ ಟ್ರಕ್ಕು, ಆಫೀಸು, ಗಿರಾಕಿಗಳು ಡಿಎಚ್‌ಎಲ್‌ಗೆ. ವಿಮಾನಗಳು ಎಬಿಎಕ್ಸ್ ಏರ್ ಎಂಬ ಬೇರೆ ಕಂಪನಿಗೆ. ಹಳೆಯ ಡಿಎಚ್‌ಎಲ್ ಏರ್‌ವೇಸ್ ಕೂಡ ಆಸ್ಟಾರ್ ಎಂದು ಹೆಸರು ಬದಲಿಸಿ ಅಮೆರಿಕನ್ನರ ಕೈಸೇರಿತು. ಅಷ್ಟಾದರೂ ಫೆಡೆಕ್ಸ್, ಯುಪಿಎಸ್ ಬಿಡಲಿಲ್ಲ. ಇದು ಹೆಸರಿಗೆ ಅಮೆರಿಕನ್, ಹಗ್ಗ ಜರ್ಮನಿಯಲ್ಲಿದೆ ಎಂದು ಸಾರಿಗೆ ಇಲಾಖೆಯ ಮುಂದೆ ವಾದ ಹೂಡಿದರು. ಆಸ್ಟಾರ್ ಅಮೆರಿಕದ್ದೇ ಎಂದು 2004ರಲ್ಲಿ ತೀರ್ಪು ಬರುವವರೆಗೂ ವಕೀಲರದ್ದೇ ಸುಗ್ಗಿ. ಒಂದು ಪೊಟ್ಟಣ ಸಾಗಿಸಲು ಮೂರು ಕಂಪನಿ, ಮೂರು ಲೆಕ್ಕ, ಮೂರು ಯೂನಿಯನ್ ಮಾತುಕತೆ. ನೀವೇ ಊಹಿಸಿ.

ಎರಡನೆಯದು ಹಬ್. ಹಳೆಯ ಡಿಎಚ್‌ಎಲ್‌ನ ವಿಂಗಡಣಾ ಕೇಂದ್ರ ಸಿನ್ಸಿನಾಟಿಯ ವಿಮಾನ ನಿಲ್ದಾಣದಲ್ಲಿತ್ತು. ಏರ್‌ಬೋರ್ನ್‌ನದು ಓಹಾಯೋ ರಾಜ್ಯದ ವಿಲ್ಮಿಂಗ್ಟನ್ ಎಂಬ ಊರಿನಲ್ಲಿ, ಹಳೆಯ ವಾಯುಪಡೆಯ ನೆಲೆಯನ್ನೇ ಕೊಂಡು ಕಟ್ಟಿದ್ದು. 2005ರಲ್ಲಿ ಸಿನ್ಸಿನಾಟಿ ಮುಚ್ಚಿ ಎಲ್ಲವನ್ನೂ ವಿಲ್ಮಿಂಗ್ಟನ್‌ಗೆ ತಂದರು. ಬದಲಾವಣೆಯ ಆ ದಿನಗಳಲ್ಲಿ ವಿಂಗಡಣೆ ತಡವಾಗಿ ಪೊಟ್ಟಣಗಳು ರಾಶಿ ಬಿದ್ದವು. ‘ನಾಳೆ ಬೆಳಿಗ್ಗೆ’ ಎಂದು ಮಾತು ಕೊಟ್ಟ ಧಂದೆಯಲ್ಲಿ ಅದು ನಾಡಿದ್ದಾದರೆ ಗಿರಾಕಿ ಮತ್ತೆ ಬರುತ್ತಾನೆಯೇ? ಎದುರು ಬೀದಿಯಲ್ಲಿ ಕಂದು ಟ್ರಕ್ಕು ಕಾದು ನಿಂತಿರುವಾಗ?

ಮೂರನೆಯದೇ ಮೂಲ ರೋಗ. ಪೇಪರ್ ಹುಡುಗನ ಲೆಕ್ಕ. ಬರಬರುತ್ತ ಅಮೆರಿಕದ ಗಿರಾಕಿಗಳು ದುಬಾರಿ ವಿಮಾನ ಬಿಟ್ಟು ಅಗ್ಗದ ರಸ್ತೆ ಪಾರ್ಸೆಲ್‌ಗೆ ಹೊರಳಿದ್ದರು. ಯುಪಿಎಸ್‌ಗೆ ಅದು ಹುಟ್ಟು ಕಸುಬು. ಫೆಡೆಕ್ಸ್ 1998ರಲ್ಲಿ ಕ್ಯಾಲಿಬರ್ ಸಿಸ್ಟಮ್ ಎಂಬ ಸಂಸ್ಥೆಯನ್ನು ಕೊಂಡು ರಸ್ತೆಗೂ ಇಳಿದಿತ್ತು. ಡಿಎಚ್‌ಎಲ್‌ಗೆ ಪ್ರತಿ ಬೀದಿಗೂ ವ್ಯಾನು ಕಳಿಸಬೇಕು, ವ್ಯಾನಿನಲ್ಲಿ ಪೊಟ್ಟಣವೇ ಇಲ್ಲ. ಅದರ ಮೇಲೆ 2008ರಲ್ಲಿ ಇಂಧನದ ಬೆಲೆ ಗಗನಕ್ಕೆ. ಆ ವರ್ಷ ಅಮೆರಿಕದಲ್ಲಿ ನಷ್ಟ ಸುಮಾರು 130 ಕೋಟಿ ಡಾಲರ್ ಆದೀತು ಎಂದು ಕಂಪನಿಯೇ ಅಂದಾಜು ಹೇಳಿತು. ಏರ್‌ಬೋರ್ನ್ ಕೊಂಡ ಬೆಲೆಗಿಂತ ಒಂದು ವರ್ಷದ ನಷ್ಟವೇ ಹೆಚ್ಚು!

2008ರ ಮೇ ತಿಂಗಳಲ್ಲಿ ಒಂದು ವಿಚಿತ್ರ ಯೋಜನೆ ಹೊರಬಿತ್ತು. ತಮ್ಮ ಪೊಟ್ಟಣಗಳನ್ನು ವಿಮಾನದಲ್ಲಿ ಒಯ್ಯುವ ಕೆಲಸವನ್ನು ಎದುರಾಳಿ ಯುಪಿಎಸ್‌ಗೇ ಗುತ್ತಿಗೆ ಕೊಡುವುದು. ಅಷ್ಟರಲ್ಲಿ ಸೆಪ್ಟೆಂಬರಿನಲ್ಲಿ ಲೇಮನ್ ಬ್ರದರ್ಸ್ ಬಿತ್ತು, ಪ್ರಪಂಚದ ವ್ಯಾಪಾರವೇ ಕುಸಿಯಿತು. ನವೆಂಬರ್ 10ರಂದು ಅಮೆರಿಕದ ಒಳನಾಡು ವ್ಯವಹಾರವನ್ನೇ ನಿಲ್ಲಿಸುವ ಘೋಷಣೆ ಬಂತು. 2009ರ ಜನವರಿ ಕೊನೆಗೆ ಅದು ಮುಗಿಯಿತು. ಮೊದಲೇ ಹೋದ 5,400 ಕೆಲಸಗಳ ಮೇಲೆ ಇನ್ನೂ 9,500. ಶಾಖೆಗಳು 412ರಿಂದ 103ಕ್ಕೆ. ಉಳಿದದ್ದು ಹೊರದೇಶಕ್ಕೆ ಹೋಗುವ, ಹೊರದೇಶದಿಂದ ಬರುವ ಪೊಟ್ಟಣ ಮಾತ್ರ.

ಫೆಡೆಕ್ಸ್ 1992ರಲ್ಲಿ ಯುರೋಪಿನಲ್ಲಿ ಕಲಿತ ಪಾಠವನ್ನೇ ಡಿಎಚ್‌ಎಲ್ ಹದಿನಾರು ವರ್ಷದ ನಂತರ ಅಮೆರಿಕದಲ್ಲಿ ದುಡ್ಡು ಕೊಟ್ಟು ಕಲಿಯಿತು. ಎದುರಾಳಿಯ ಲೆಕ್ಕಪತ್ರ ಓದುವುದಕ್ಕೆ ಫೀಸಿಲ್ಲ. ಆದರೂ ಯಾರೂ ಓದುವುದಿಲ್ಲ.

ವಿಲ್ಮಿಂಗ್ಟನ್‌ನ ಕಥೆ ಬರೆಯುವಾಗ ನನಗೆ ಸಂಕಟವಾಗುತ್ತದೆ. ಹನ್ನೆರಡು ಸಾವಿರ ಜನರ ಊರು. ಸುತ್ತಲಿನ ಹಳ್ಳಿ ಪಟ್ಟಣಗಳೂ ಸೇರಿ ಏಳೆಂಟು ಸಾವಿರ ಜನ ಆ ವಿಮಾನ ನೆಲೆಯಲ್ಲಿ ದುಡಿಯುತ್ತಿದ್ದರು. ರಾತ್ರಿಪಾಳಿ ಮಾಡಿ ಮನೆ ಸಾಲ ತೀರಿಸುತ್ತಿದ್ದವರು. 2005ರಲ್ಲಿ ಸಿನ್ಸಿನಾಟಿಯ ಕೆಲಸವೂ ನಮ್ಮೂರಿಗೆ ಬಂತು ಎಂದು ಸಂಭ್ರಮಿಸಿದ್ದ ಊರು. ನಾಲ್ಕೇ ವರ್ಷದಲ್ಲಿ ಹಬ್ ಮತ್ತೆ ಸಿನ್ಸಿನಾಟಿಗೆ ವಾಪಸಾಯಿತು! ಖಾಲಿ ನೆಲೆಯನ್ನು 2010ರಲ್ಲಿ ಅಲ್ಲಿಯ ಸ್ಥಳೀಯ ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟರು. 2015ರಲ್ಲಿ ಅಮೆಜಾನ್ ತನ್ನ ವಿಮಾನ ಸಾಗಣೆಯ ಪ್ರಯೋಗವನ್ನು ಅಲ್ಲಿಂದ ಶುರುಮಾಡಿದಾಗ ಊರಿಗೆ ಜೀವ ಬಂದಂತಾಗಿತ್ತು. ಆದರೆ ಅಮೆಜಾನ್ ಕೂಡ ತನ್ನ ದೊಡ್ಡ ಹಬ್ ಕಟ್ಟಿ 2021ರಲ್ಲಿ ತೆರೆದದ್ದು ಸಿನ್ಸಿನಾಟಿ ನಿಲ್ದಾಣದಲ್ಲೇ.

ಸಣ್ಣದಾಗಿ ದೊಡ್ಡದಾದದ್ದು

ಝುಮ್‌ವಿಂಕೆಲ್ 2008ರ ಫೆಬ್ರವರಿಯಲ್ಲಿ ತೆರಿಗೆ ವಂಚನೆಯ ತನಿಖೆಯಲ್ಲಿ ಸಿಕ್ಕಿ ರಾಜೀನಾಮೆ ಕೊಟ್ಟಿದ್ದರು, ಆಮೇಲೆ ಅವರಿಗೆ ಶಿಕ್ಷೆಯೂ ಆಯಿತು. ಅವರ ಕುರ್ಚಿಗೆ ಬಂದವರು ಫ್ರಾಂಕ್ ಅಪೆಲ್. 2009ರಲ್ಲಿ ಎಕ್ಸ್‌ಪ್ರೆಸ್ ವಿಭಾಗಕ್ಕೆ ಕೆನ್ ಅಲೆನ್ ಮುಖ್ಯಸ್ಥರಾದರು. ಅವರು ಮಾಡಿದ್ದು ಖರೀದಿಯಲ್ಲ, ಕಡಿತ. ಬ್ರಿಟನ್, ಫ್ರಾನ್ಸ್‌ಗಳ ಒಳನಾಡು ಪಾರ್ಸೆಲ್ ವ್ಯವಹಾರಗಳನ್ನೂ 2010ರಲ್ಲಿ ಮಾರಿದರು. ನಮಗೆ ಗೊತ್ತಿರುವುದು ಗಡಿ ದಾಟಿಸುವುದು, ಅದನ್ನೇ ಮಾಡೋಣ ಎಂದರು.

ಗಡಿ ದಾಟುವ ಪೊಟ್ಟಣದಲ್ಲಿ ರೇಟು ಜಾಸ್ತಿ. ಕಸ್ಟಮ್ಸ್ ಜ್ಞಾನ ಬೇಕಾದ್ದರಿಂದ ಸ್ಪರ್ಧೆ ಕಡಿಮೆ. ಹಂಚುವುದು ಹೆಚ್ಚಾಗಿ ಕಚೇರಿಗಳಿಗೆ, ಆದ್ದರಿಂದ ಬೀದಿಬೀದಿ ಅಲೆಯಬೇಕಿಲ್ಲ. ಜೊತೆಗೆ ವ್ಯಾನ್ ಚಾಲಕನಿಂದ ಮ್ಯಾನೇಜರ್‌ವರೆಗೆ ಪ್ರತಿಯೊಬ್ಬರಿಗೂ ಅಂತಾರಾಷ್ಟ್ರೀಯ ಸಾಗಣೆಯ ತರಬೇತಿ ಕೊಟ್ಟರು. ಎಲ್ಲರಿಗೂ ಒಂದೇ ಪಾಠ. ಸೋತು ಕುಗ್ಗಿದ ಸಿಬ್ಬಂದಿಗೆ, ನೀನು ಮಾಡುವ ಕೆಲಸ ಏನು, ಅದು ಏಕೆ ಮುಖ್ಯ ಎಂದು ಕೂರಿಸಿ ಹೇಳಿದ್ದು ಯಂತ್ರಕ್ಕಿಂತ ದೊಡ್ಡ ಹೂಡಿಕೆ ಎನ್ನುವುದು ನನ್ನ ಅನಿಸಿಕೆ. 2021ರಲ್ಲಿ ಇಡೀ ಸಮೂಹದ ಕಾರ್ಯಾಚರಣೆಯ ಲಾಭ ಸುಮಾರು 800 ಕೋಟಿ ಯೂರೋ ಆದರೆ ಅರ್ಧಕ್ಕಿಂತ ಹೆಚ್ಚು ಈ ಎಕ್ಸ್‌ಪ್ರೆಸ್ ವಿಭಾಗದಿಂದಲೇ. 2023ರಲ್ಲಿ ಸಮೂಹ ತನ್ನ ಹೆಸರಿನಿಂದ ಜರ್ಮನ್ ಅಂಚೆಯನ್ನು ಕೈಬಿಟ್ಟು ಡಿಎಚ್‌ಎಲ್ ಗ್ರೂಪ್ ಎಂದಾಯಿತು. ಕೊಂಡವನೇ ಕೊಂಡದ್ದರ ಹೆಸರು ಇಟ್ಟುಕೊಂಡ!

ಎದುರಾಳಿಗಳೂ ಸುಖವಾಗಿ ಇರಲಿಲ್ಲ. ಯುರೋಪಿನ ಟಿಎನ್‌ಟಿಯನ್ನು ನುಂಗಲು ಹೊರಟ ಯುಪಿಎಸ್‌ಗೆ 2013ರಲ್ಲಿ ಯುರೋಪಿಯನ್ ಕಮಿಷನ್ ಅಡ್ಡಗಾಲು ಹಾಕಿತು. 2016ರಲ್ಲಿ ಫೆಡೆಕ್ಸ್ ಅದನ್ನು 440 ಕೋಟಿ ಯೂರೋಗೆ ಕೊಂಡಿತು. ಮರುವರ್ಷವೇ ನಾಟ್‌ಪೆಟ್ಯಾ ಎಂಬ ಕಂಪ್ಯೂಟರ್ ವೈರಸ್ ಟಿಎನ್‌ಟಿಯ ವ್ಯವಸ್ಥೆಯನ್ನು ಕೆಡವಿ ಜೋಡಣೆಯ ಲೆಕ್ಕವೆಲ್ಲ ಹಿಂದೆ ಬಿತ್ತು.

ನಮ್ಮ ದೇಶದ ಉದಾಹರಣೆಯೂ ಇದೆ. 1983ರಲ್ಲಿ ಮುಂಬಯಿಯಲ್ಲಿ ಮೂವರು ಗೆಳೆಯರು ಕಟ್ಟಿದ ಬ್ಲೂ ಡಾರ್ಟ್‌ನ ಶೇಕಡಾ 81ರಷ್ಟು ಷೇರನ್ನು ಡಿಎಚ್‌ಎಲ್ 2004ರಲ್ಲಿ ಕೊಳ್ಳುವ ಒಪ್ಪಂದ ಮಾಡಿತು. ಸೆಬಿ ನಿಯಮದಂತೆ ಆಮೇಲೆ ಅದು 75ಕ್ಕೆ ಇಳಿಯಿತು. ಇಲ್ಲಿ ಅವರು ಹೆಸರು ಬದಲಿಸಲಿಲ್ಲ. ನೀಲಿ ವ್ಯಾನು ನೀಲಿಯಾಗಿಯೇ ಇದೆ. ಒಳನಾಡಿಗೆ ಬ್ಲೂ ಡಾರ್ಟ್, ಹೊರದೇಶಕ್ಕೆ ಡಿಎಚ್‌ಎಲ್. ಅಮೆರಿಕದಲ್ಲಿ ಅವಸರದಲ್ಲಿ ಎರಡು ಮನೆಯನ್ನು ಒಡೆದು ಒಂದು ಮಾಡಲು ಹೋಗಿ ಕೆಟ್ಟರು. ಭಾರತದಲ್ಲಿ ಮನೆಯನ್ನು ಇದ್ದಂತೆ ಬಿಟ್ಟು ಉಳಿಸಿಕೊಂಡರು. ಒಂದೇ ಮಾಲೀಕ, ಹೆಚ್ಚುಕಡಿಮೆ ಒಂದೇ ಕಾಲ.

ನಮ್ಮ ಬೋರ್ಡುಗಳು

ಇದನ್ನೆಲ್ಲ ಓದುವಾಗ ನಮ್ಮ ಬ್ಯಾಂಕುಗಳು ನೆನಪಾಗದೆ ಇರುತ್ತವೆಯೇ? 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್. ಮೂರು ವರ್ಷದಲ್ಲಿ ಕರ್ನಾಟಕದ ನಾಲ್ಕು ಬೋರ್ಡುಗಳು ಇಳಿದವು. ಮುಂಬಯಿಗೆ ಬಂದ ನಮ್ಮ ಕರಾವಳಿಯ ಹುಡುಗರಿಗೆ ಆ ಬೋರ್ಡು ಬರೀ ಬ್ಯಾಂಕಲ್ಲ. ಒಳಗೆ ಹೋದರೆ ತುಳುವೋ ಕನ್ನಡವೋ ಕೇಳಿಸುವ ಜಾಗ, ಹೋಟೆಲಿನವರು ಮೊದಲ ಸಾಲ ಪಡೆದ ಜಾಗ. ವಿಲೀನದಿಂದ ಬಂಡವಾಳ ಗಟ್ಟಿಯಾಗುತ್ತದೆ ಎನ್ನುವುದು ನಿಜ, ದೊಡ್ಡ ಸಾಲ ಕೊಡಲು ದೊಡ್ಡ ಬ್ಯಾಂಕು ಬೇಕು ಎನ್ನುವುದೂ ನಿಜ. ಅದನ್ನು ಅಲ್ಲಗಳೆಯುವಷ್ಟು ನಾನು ಭಾವುಕನಲ್ಲ. ಬಿ.ಕಾಂ. ಓದಿದವನಿಗೆ ಜಮಾ ಖರ್ಚು ಎರಡೂ ಕಾಣಬೇಕು.

ಆದರೆ ಖರ್ಚಿನ ಕಡೆ ಬರೆಯದೆ ಉಳಿಯುವ ಕೆಲವು ಸಾಲುಗಳಿರುತ್ತವೆ. ಏರ್‌ಬೋರ್ನ್‌ನ ಬೆಲೆ 105 ಕೋಟಿ ಡಾಲರ್ ಎಂದು ಬರೆದವರು ವಿಲ್ಮಿಂಗ್ಟನ್‌ನ ಬೆಲೆ ಬರೆದಿರಲಿಲ್ಲ. ಹಳೆಯ ಗಿರಾಕಿಯ ಹೆಸರು ಹಿಡಿದು ಕರೆಯುವ ಗುಮಾಸ್ತನ ಬೆಲೆ, ಯಾವ ಬೀದಿಯಲ್ಲಿ ಯಾವ ಬಾಗಿಲು ತಟ್ಟಬೇಕು ಎಂದು ಗೊತ್ತಿರುವ ಚಾಲಕನ ಬೆಲೆ, ಇವು ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಇರುವುದಿಲ್ಲ. ಗುಡ್‌ವಿಲ್ ಎಂದು ಒಂದು ಸಾಲು ಬರೆಯುತ್ತೇವೆ, ಕೆಟ್ಟ ವರ್ಷ ಬಂದಾಗ ಅದನ್ನೂ ವಜಾ ಮಾಡುತ್ತೇವೆ.

ಕೊನೆಗೆ ಆ ಕಾಗದದ ಮಾತು. ಬಿಲ್ ಆಫ್ ಲೇಡಿಂಗ್ ಈಗ ಕಂಪ್ಯೂಟರಿಗೆ ಹೊರಟಿದೆ. ಬ್ರಿಟನ್ನಿನಲ್ಲಿ 2023ರಲ್ಲಿ ಎಲೆಕ್ಟ್ರಾನಿಕ್ ವ್ಯಾಪಾರ ದಾಖಲೆಗಳಿಗೆ ಕಾನೂನಿನ ಮಾನ್ಯತೆ ಸಿಕ್ಕಿತು. ಪ್ರಪಂಚದ ದೊಡ್ಡ ಕಂಟೇನರ್ ಹಡಗು ಕಂಪನಿಗಳು 2030ರೊಳಗೆ ಪೂರ್ತಿ ಎಲೆಕ್ಟ್ರಾನಿಕ್ ಮಾಡುವ ಮಾತು ಕೊಟ್ಟಿವೆ. ನಮ್ಮಲ್ಲಿ 1856ರ ಹಳೆಯ ಕಾಯಿದೆ ತೆಗೆದು 2025ರಲ್ಲಿ ಹೊಸ ಬಿಲ್ಸ್ ಆಫ್ ಲೇಡಿಂಗ್ ಕಾಯಿದೆ ಮಾಡಿದ್ದಾರೆ. ಯಾವ ಕಾಗದಕ್ಕಾಗಿ ಹಿಲ್‌ಬ್ಲಾಮ್ ಚೀಲ ಹೊತ್ತು ವಿಮಾನ ಹತ್ತಿದನೋ ಆ ಕಾಗದಕ್ಕೆ ಇನ್ನು ಚೀಲವೂ ಬೇಡ, ವಿಮಾನವೂ ಬೇಡ. ಆದರೂ ಅವನ ಕಂಪನಿ ಬದುಕಿದೆ, ಈಗ ಅದು ಶೂ, ಮೊಬೈಲು, ಔಷಧಿ ಸಾಗಿಸುತ್ತಿದೆ. ಕಾಗದ ಹೋದರೂ ಅವಸರ ಹೋಗಿಲ್ಲವಲ್ಲ!